ಬಣ್ಣಗಳನ್ನು ಬೇರ್ಪಡಿಸಿದ ಮಿಖಾಯಿಲ್ ತ್ಸ್ವೆತ್



ನಮ್ಮ ಮನೆಗಳಲ್ಲಿ ಅರಿಶಿನ ಬೀಳದ ಅಡುಗೆ ಕಡಿಮೆ. ಸಾರಿಗೆ ಬೇಕು, ಮೀನಿಗೆ ಸವರುವ ಮಸಾಲೆಗೆ ಬೇಕು, ಕೆಮ್ಮು ಬಂದರೆ ಬಿಸಿ ಹಾಲಿಗೂ ಬೇಕು. ಅರಿಶಿನದ ಗುಣಗಳ ಬಗ್ಗೆ ಮೊಬೈಲಿಗೆ ಬರುವ ಸಂದೇಶಗಳಿಗಂತೂ ಲೆಕ್ಕವಿಲ್ಲ. ಆ ರೋಗಕ್ಕೆ ಮದ್ದು, ಈ ರೋಗಕ್ಕೆ ಮದ್ದು ಎಂದು ಬರೆದವರು ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೊಂಡಿರುವುದಿಲ್ಲ. ನಾವು ನುಂಗಿದ ಅರಿಶಿನದ ಸತ್ವದಲ್ಲಿ ಎಷ್ಟು ಭಾಗ ನಿಜವಾಗಿ ನಮ್ಮ ರಕ್ತವನ್ನು ಸೇರಿತು?

ಇದಕ್ಕೆ ಉತ್ತರ ಸಿಗಬೇಕಾದರೆ ರಕ್ತದಲ್ಲಿರುವ ಸಾವಿರಾರು ಪದಾರ್ಥಗಳ ನಡುವಿನಿಂದ ಆ ಒಂದೇ ಒಂದು ಪದಾರ್ಥವನ್ನು ಬೇರೆ ಮಾಡಿ ಅಳೆಯಬೇಕು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಆ ಕೆಲಸ ನಡೆಯುವುದು ಕ್ರೊಮ್ಯಾಟೋಗ್ರಫಿ ಎಂಬ ವಿಧಾನದಿಂದ. ಪ್ರಥಮ ಪಿಯುಸಿ ರಸಾಯನಶಾಸ್ತ್ರದಲ್ಲಿ ಸಾವಯವ ಸಂಯುಕ್ತಗಳ ಶುದ್ಧೀಕರಣದ ಪಾಠದಲ್ಲಿ ನೀವು ಈ ಹೆಸರನ್ನು ಓದಿದ್ದೀರಿ. ಇದನ್ನು ಕಂಡುಹಿಡಿದ ಮಿಖಾಯಿಲ್ ಸೆಮ್ಯೊನೊವಿಚ್ ತ್ಸ್ವೆತ್ ಅವರ ಬದುಕನ್ನು ಈ ಲೇಖನದಲ್ಲಿ ಪರಿಚಯಿಸಲಾಗಿದೆ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣ. ಜೀವನವಿಡೀ ಬಣ್ಣಗಳನ್ನು ಅಧ್ಯಯನ ಮಾಡಿದವರಿಗೆ ಬಣ್ಣವೇ ಮನೆತನದ ಹೆಸರಾಗಿತ್ತು.

ಎರಡು ದೇಶಗಳ ನಡುವಿನ ಬಾಲ್ಯ

ತ್ಸ್ವೆತ್ ಅವರು 1872ರ ಮೇ 14ರಂದು ಉತ್ತರ ಇಟಲಿಯ ಆಸ್ತಿ ಎಂಬ ಊರಿನಲ್ಲಿ ಜನಿಸಿದರು. ತಂದೆ ರಷ್ಯಾದ ಸರ್ಕಾರಿ ಅಧಿಕಾರಿ, ತಾಯಿ ಇಟಲಿ ಮೂಲದವರು. ಮಗು ಹುಟ್ಟಿದ ಸ್ವಲ್ಪ ಸಮಯದಲ್ಲೇ ತಾಯಿ ತೀರಿಕೊಂಡರು. ತಂದೆಗೆ ಕೆಲಸದ ಮೇಲೆ ರಷ್ಯಾಕ್ಕೆ ಹಿಂದಿರುಗುವುದು ಅನಿವಾರ್ಯವಾಗಿತ್ತು. ಹಸುಗೂಸನ್ನು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ದಾದಿಯ ಆರೈಕೆಯಲ್ಲಿ ಬಿಟ್ಟುಹೋದರು. ಹೀಗೆ ತಾಯಿಯಿಲ್ಲದೆ, ತಂದೆಯಿಂದ ದೂರವಾಗಿ, ಮಿಖಾಯಿಲ್ ಲೋಸಾನ್ ಮತ್ತು ಜಿನೀವಾ ನಗರಗಳಲ್ಲಿ ಬೆಳೆದರು. ಅವರ ಓದು ಬರಹವೆಲ್ಲ ಫ್ರೆಂಚ್ ಭಾಷೆಯಲ್ಲಿ ನಡೆಯಿತು.

1891ರಲ್ಲಿ ಅವರು ಜಿನೀವಾ ವಿಶ್ವವಿದ್ಯಾಲಯ ಸೇರಿದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಮೂರನ್ನೂ ಆಸಕ್ತಿಯಿಂದ ಓದಿದರು. ಕೊನೆಗೆ ಮನಸ್ಸು ನೆಲೆನಿಂತದ್ದು ಸಸ್ಯಶಾಸ್ತ್ರದಲ್ಲಿ. ಸಸ್ಯಕೋಶಗಳ ಕುರಿತು ಸಂಶೋಧನೆ ನಡೆಸಿ 1896ರಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ 24 ವರ್ಷ. ಮುಂದೆ ಅವರಿಗೆ ಹೆಸರು ತಂದುಕೊಟ್ಟ ಕೆಲಸದಲ್ಲಿ ಈ ಮೂರು ವಿಷಯಗಳೂ ಒಂದಾಗಿ ಬಂದವು. ಜೀವಶಾಸ್ತ್ರಕ್ಕೆ ರಸಾಯನಶಾಸ್ತ್ರ ಏಕೆ ಬೇಕು ಎಂದು ಕೇಳುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಕೈಯಲ್ಲಿದ್ದ ಪದವಿಗೆ ಬೆಲೆ ಇಲ್ಲ

ಅದೇ ವರ್ಷ ತ್ಸ್ವೆತ್ ಅವರು ತಂದೆಯ ನಾಡಿಗೆ, ಅಂದರೆ ರಷ್ಯಾಕ್ಕೆ ಬಂದರು. ಅಲ್ಲಿ ಅವರಿಗೆ ಮೊದಲ ಪೆಟ್ಟು ಕಾದಿತ್ತು. ವಿದೇಶದ ಡಾಕ್ಟರೇಟಿಗೆ ರಷ್ಯಾದಲ್ಲಿ ಮಾನ್ಯತೆ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕಾಯಂ ಹುದ್ದೆ ಬೇಕಾದರೆ ಸ್ನಾತಕೋತ್ತರ ಪದವಿಯಿಂದಲೇ ಮತ್ತೆ ಆರಂಭಿಸಬೇಕಿತ್ತು. ಭಾಷೆಯೂ ಅವರಿಗೆ ಪೂರ್ತಿ ತನ್ನದಾಗಿರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತ, ಮಹಿಳೆಯರಿಗಾಗಿ ನಡೆಯುತ್ತಿದ್ದ ತರಗತಿಗಳಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತ ದಿನ ಕಳೆದರು.

ಅವರು ಮರಳಿ ಹೋಗಲಿಲ್ಲ. ಎಲೆಯ ಹಸಿರು ಬಣ್ಣಕ್ಕೆ ಕಾರಣವಾದ ಪತ್ರಹರಿತ್ತಿನ ಕುರಿತು ಹೊಸದಾಗಿ ಪ್ರಬಂಧ ಬರೆದು 1901ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ನಂತರ ವಾರ್ಸಾ ವಿಶ್ವವಿದ್ಯಾಲಯಕ್ಕೆ ಹೋದರು. ಇಂದಿನ ಪೋಲೆಂಡಿನ ರಾಜಧಾನಿಯಾದ ವಾರ್ಸಾ ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿತ್ತು. ಅಲ್ಲಿ ಅವರಿಗೆ ಸಿಕ್ಕಿದ್ದು ಪ್ರಯೋಗಾಲಯದ ಸಹಾಯಕನ ಸಣ್ಣ ಹುದ್ದೆ. ಅವರ ಮಹತ್ವದ ಸಂಶೋಧನೆ ನಡೆದದ್ದು ಅಲ್ಲೇ.

ಗಾಜಿನ ಕೊಳವೆ ಮತ್ತು ಸುಣ್ಣದ ಪುಡಿ

ಎಲೆ ಹಸಿರಾಗಿ ಕಾಣುತ್ತದೆ. ಆದರೆ ಅದರೊಳಗೆ ಹಸಿರು ಮಾತ್ರ ಇರುವುದಿಲ್ಲ, ಹಳದಿ ಮತ್ತು ಕಿತ್ತಳೆ ಬಣ್ಣದ ವರ್ಣದ್ರವ್ಯಗಳೂ ಇರುತ್ತವೆ. ಎಲೆ ಹಣ್ಣಾಗುವಾಗ ಹಸಿರು ಕರಗಿ ಹಳದಿ ಹೊರಗೆ ಕಾಣುವುದು ಇದೇ ಕಾರಣಕ್ಕೆ. ಈ ವರ್ಣದ್ರವ್ಯಗಳು ಗುಣದಲ್ಲಿ ಒಂದಕ್ಕೊಂದು ಬಹಳ ಹತ್ತಿರ. ಕಾಯಿಸಿದರೆ, ಆಮ್ಲ ಅಥವಾ ಕ್ಷಾರ ಹಾಕಿದರೆ ಬೇಗ ಕೆಡುತ್ತವೆ. ಆ ಕಾಲದ ರಸಾಯನಶಾಸ್ತ್ರಜ್ಞರು ಇಂಥ ಕಠಿಣ ವಿಧಾನಗಳನ್ನೇ ಬಳಸುತ್ತಿದ್ದರು. ಕೊನೆಗೆ ಕೈಗೆ ಸಿಕ್ಕ ಪದಾರ್ಥ ಎಲೆಯಲ್ಲಿ ಮೊದಲೇ ಇದ್ದದ್ದೋ, ಪ್ರಯೋಗದಲ್ಲಿ ಹುಟ್ಟಿದ್ದೋ ಎಂಬ ಸಂಶಯ ಉಳಿಯುತ್ತಿತ್ತು.

ತ್ಸ್ವೆತ್ ಅವರು ಒಂದು ಸಣ್ಣ ವಿಚಿತ್ರವನ್ನು ಗಮನಿಸಿದರು. ಎಲೆಯಿಂದ ಹೊರತೆಗೆದ ಬಣ್ಣಗಳು ಪೆಟ್ರೋಲಿಯಂ ಈಥರ್ ಎಂಬ ದ್ರಾವಕದಲ್ಲಿ ಚೆನ್ನಾಗಿ ಕರಗುತ್ತವೆ. ಆದರೆ ನೇರವಾಗಿ ಎಲೆಯನ್ನೇ ಅದರಲ್ಲಿ ಅರೆದರೆ ಹಳದಿಯ ಒಂದು ಭಾಗವಷ್ಟೇ ಸುಲಭವಾಗಿ ಹೊರಬರುತ್ತದೆ, ಹಸಿರು ಎಲೆಗೇ ಅಂಟಿಕೊಂಡಿರುತ್ತದೆ. ಸ್ವಲ್ಪ ಆಲ್ಕೋಹಾಲ್ ಸೇರಿಸಿದರೆ ಎಲ್ಲ ಬಣ್ಣವೂ ಬಿಡುತ್ತದೆ. ಬಣ್ಣಗಳನ್ನು ಎಲೆಯೊಳಗಿನ ಪದಾರ್ಥ ಹಿಡಿದಿಟ್ಟುಕೊಂಡಿದೆ, ಒಂದೊಂದು ಬಣ್ಣವನ್ನು ಹಿಡಿಯುವ ಬಲ ಒಂದೊಂದು ರೀತಿ ಇದೆ ಎಂದು ಅವರು ತರ್ಕಿಸಿದರು. ಘನವಸ್ತುವಿನ ಮೇಲ್ಮೈಗೆ ಅಣುಗಳು ಹೀಗೆ ಅಂಟಿಕೊಳ್ಳುವುದನ್ನೇ ನೀವು ಅಡ್ಸಾರ್ಪ್ಷನ್ ಎಂದು ಓದುತ್ತೀರಿ.

ಹಾಗಾದರೆ ಎಲೆಯ ಬದಲು ಬೇರೆ ಯಾವುದಾದರೂ ಪುಡಿ ಈ ಕೆಲಸ ಮಾಡಬಹುದೇ? ತ್ಸ್ವೆತ್ ಅವರು ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೊನೆಗೆ ಬಹಳ ಅನುಕೂಲವೆನಿಸಿದವುಗಳಲ್ಲಿ ಒಂದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ನುಣ್ಣನೆಯ ಸೀಮೆಸುಣ್ಣದ ಪುಡಿ.

ಸಪೂರವಾದ ಗಾಜಿನ ಕೊಳವೆಯಲ್ಲಿ ಈ ಪುಡಿಯನ್ನು ಒತ್ತಾಗಿ ತುಂಬಿದರು. ಮೇಲಿನಿಂದ ಎಲೆಯ ಬಣ್ಣದ ದ್ರಾವಣವನ್ನು ಸುರಿದರು. ಅದರ ಹಿಂದೆಯೇ ಶುದ್ಧ ದ್ರಾವಕವನ್ನು ಹರಿಸಿದರು. ಪುಡಿಗೆ ಬಿಗಿಯಾಗಿ ಅಂಟುವ ಬಣ್ಣ ಮೇಲೆಯೇ ನಿಂತಿತು, ಸಡಿಲವಾಗಿ ಅಂಟುವ ಬಣ್ಣ ದ್ರಾವಕದ ಜೊತೆ ಕೆಳಗಿಳಿಯಿತು. ನೋಡನೋಡುತ್ತಿದ್ದಂತೆ ಒಂದೇ ಹಸಿರು ದ್ರಾವಣ ಹಳದಿ ಹಸಿರು, ನೀಲಿ ಹಸಿರು ಮತ್ತು ಹಲವು ಹಳದಿ ಪಟ್ಟಿಗಳಾಗಿ ಬೇರ್ಪಟ್ಟಿತು. ಕ್ಯಾರೊಟೀನ್ ಎಲ್ಲಕ್ಕಿಂತ ಮೊದಲು ಕೆಳಗೆ ಇಳಿದುಹೋಯಿತು. ಪುಡಿಯ ಕಂಬವನ್ನು ಹೊರತೆಗೆದು ಪಟ್ಟಿಗಳನ್ನು ಚಾಕುವಿನಿಂದ ಕತ್ತರಿಸಿ, ಒಂದೊಂದರ ಬಣ್ಣವನ್ನೂ ಬೇರೆ ಬೇರೆಯಾಗಿ ತೊಳೆದು ತೆಗೆಯಬಹುದಾಗಿತ್ತು. ಕಾಯಿಸಲಿಲ್ಲ, ಆಮ್ಲ ಹಾಕಲಿಲ್ಲ. ಪತ್ರಹರಿತ್ತು ಒಂದಲ್ಲ, ಎರಡು ಇವೆ ಎಂಬುದು ಈ ಕೊಳವೆಯಲ್ಲಿ ಕಣ್ಣಿಗೆ ಕಾಣುವಂತಾಯಿತು. ನೀವು ಓದುವ ಕ್ಲೋರೊಫಿಲ್ ಎ ಮತ್ತು ಬಿ ಅವೇ.

1903ರ ಮಾರ್ಚ್ 21ರಂದು ವಾರ್ಸಾದ ನಿಸರ್ಗವಿಜ್ಞಾನಿಗಳ ಸಂಘದ ಸಭೆಯಲ್ಲಿ ಅವರು ಈ ವಿಧಾನದ ಬಗ್ಗೆ ಮೊದಲ ಬಾರಿ ಮಾತನಾಡಿದರು. 1906ರಲ್ಲಿ ಜರ್ಮನ್ ಸಸ್ಯಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಎರಡು ಲೇಖನಗಳನ್ನು ಪ್ರಕಟಿಸಿ, ಗ್ರೀಕ್ ಪದಗಳಿಂದ ಕ್ರೊಮ್ಯಾಟೋಗ್ರಫಿ ಎಂಬ ಹೆಸರನ್ನು ಕೊಟ್ಟರು. ಬಣ್ಣದ ಬರಹ ಎಂದು ಅದರ ಅರ್ಥ. ಬಣ್ಣವಿಲ್ಲದ ಪದಾರ್ಥಗಳನ್ನೂ ಇದೇ ರೀತಿ ಬೇರ್ಪಡಿಸಲು ಸಾಧ್ಯ ಎಂಬುದನ್ನೂ ಅವರು ಆಗಲೇ ಊಹಿಸಿದ್ದರು. 1907ರಲ್ಲಿ ಜರ್ಮನ್ ಸಸ್ಯಶಾಸ್ತ್ರ ಸಂಘದ ಸಭೆಯಲ್ಲಿ ಬಣ್ಣದ ಪಟ್ಟಿಗಳನ್ನು ಎಲ್ಲರ ಮುಂದೆ ತೋರಿಸಿದರು. ಅದೇ ವರ್ಷ ಹೆಲೆನಾ ಅವರೊಂದಿಗೆ ಅವರ ವಿವಾಹವಾಯಿತು.

ದೊಡ್ಡವರ ಅನುಮಾನ

ಇಷ್ಟು ಸರಳವಾದ, ಇಷ್ಟು ಉಪಯುಕ್ತವಾದ ವಿಧಾನವನ್ನು ವಿಜ್ಞಾನ ಜಗತ್ತು ತಕ್ಷಣ ಸ್ವೀಕರಿಸಿರಬೇಕು ಎಂದು ನಮಗೆ ಅನ್ನಿಸಬಹುದು. ಹಾಗಾಗಲಿಲ್ಲ. ಪೋಲೆಂಡಿನ ರಸಾಯನಶಾಸ್ತ್ರಜ್ಞ ಲಿಯಾನ್ ಮಾರ್ಖ್‌ಲೆವ್‌ಸ್ಕಿ ಇದನ್ನು ಬರಿಯ ಸೋಸುವ ಪ್ರಯೋಗವೆಂದು ಹಗುರವಾಗಿ ಕಂಡರು. ಜರ್ಮನಿಯ ರಿಚರ್ಡ್ ವಿಲ್‌ಶ್ಟೆಟರ್ ಅವರ ಅನುಮಾನ ಇನ್ನೂ ಭಾರವಾದದ್ದು. ಸಸ್ಯಗಳ ವರ್ಣದ್ರವ್ಯಗಳ ಅಧ್ಯಯನಕ್ಕಾಗಿ, ಮುಖ್ಯವಾಗಿ ಪತ್ರಹರಿತ್ತಿನ ಮೇಲಿನ ಕೆಲಸಕ್ಕಾಗಿ, ಅವರು 1915ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು. ಪುಡಿಗೆ ಅಂಟುವಾಗ ವರ್ಣದ್ರವ್ಯಗಳೇ ಮಾರ್ಪಡುತ್ತವೆ ಎಂಬ ಶಂಕೆ ಅವರದು.

ಈ ಶಂಕೆಯಲ್ಲಿ ಸ್ವಲ್ಪವೂ ನ್ಯಾಯವಿರಲಿಲ್ಲ ಎನ್ನುವಂತಿಲ್ಲ. ಸರಿಯಲ್ಲದ ಪುಡಿಯನ್ನು ಬಳಸಿದರೆ ಪತ್ರಹರಿತ್ತು ಕೆಡುವುದು ನಿಜ. ಅದಕ್ಕಾಗಿಯೇ ತ್ಸ್ವೆತ್ ಅವರು ಅಷ್ಟೊಂದು ಪುಡಿಗಳನ್ನು ಪರೀಕ್ಷಿಸಿ, ಮೃದುವಾದವನ್ನು ಆರಿಸಿದ್ದರು. ಆದರೆ ಒಬ್ಬ ಸಹಾಯಕ ಅಧ್ಯಾಪಕರ ಎಚ್ಚರಿಕೆಗಿಂತ ನೊಬೆಲ್ ವಿಜೇತರ ಅನುಮಾನಕ್ಕೆ ತೂಕ ಹೆಚ್ಚಾಯಿತು. ಇನ್ನೊಂದು ಕಾರಣವೂ ಇತ್ತು. ಆ ಕಾಲದ ರಸಾಯನಶಾಸ್ತ್ರಜ್ಞರಿಗೆ ಗ್ರಾಂಗಟ್ಟಲೆ ಶುದ್ಧ ಹರಳುಗಳು ಬೇಕಾಗಿದ್ದವು. ತ್ಸ್ವೆತ್ ಅವರ ಕೊಳವೆ ಕೊಡುತ್ತಿದ್ದದ್ದು ಬಹಳ ಅಲ್ಪ ಪ್ರಮಾಣದ ಬಣ್ಣ.

ತ್ಸ್ವೆತ್ ಅವರು ತಮ್ಮ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 1910ರಲ್ಲಿ ಸಸ್ಯ ಮತ್ತು ಪ್ರಾಣಿ ಜಗತ್ತಿನ ವರ್ಣದ್ರವ್ಯಗಳ ಕುರಿತು ದೊಡ್ಡ ಪುಸ್ತಕವನ್ನೇ ಬರೆದರು. ಅದು ಅವರಿಗೆ ರಷ್ಯಾದ ಡಾಕ್ಟರೇಟನ್ನೂ, ಮರುವರ್ಷ ಅಲ್ಲಿನ ವಿಜ್ಞಾನ ಅಕಾಡೆಮಿಯ ಬಹುಮಾನವನ್ನೂ ತಂದುಕೊಟ್ಟಿತು. ಆದರೆ ಪುಸ್ತಕ ಇದ್ದದ್ದು ರಷ್ಯನ್ ಭಾಷೆಯಲ್ಲಿ. ವಿಜ್ಞಾನದ ಮುಖ್ಯ ಭಾಷೆ ಆಗ ಜರ್ಮನ್. ಪಶ್ಚಿಮ ಯುರೋಪಿನಲ್ಲಿ ಅದನ್ನು ಓದಿದವರು ಕಡಿಮೆ.

ಊರಿಂದ ಊರಿಗೆ

1908ರಿಂದ ಅವರು ವಾರ್ಸಾದ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದರು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. 1915ರಲ್ಲಿ ಜರ್ಮನ್ ಸೇನೆ ವಾರ್ಸಾವನ್ನು ಹಿಡಿಯಿತು. ಸಂಸ್ಥೆಯನ್ನು ಮೊದಲು ಮಾಸ್ಕೋಗೆ, ನಂತರ ನಿಜ್ನಿ ನೊವ್ಗೊರೊದ್ ನಗರಕ್ಕೆ ಸ್ಥಳಾಂತರಿಸಲಾಯಿತು. ಹೊಸ ಊರಿನಲ್ಲಿ ಪ್ರಯೋಗಾಲಯವನ್ನು ಸೊನ್ನೆಯಿಂದ ಕಟ್ಟಬೇಕಾಯಿತು. ಸಂಶೋಧನೆ ಬಹುತೇಕ ನಿಂತುಹೋಯಿತು.

1917ರಲ್ಲಿ, 45ನೇ ವಯಸ್ಸಿನಲ್ಲಿ, ಇಂದಿನ ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಅವರಿಗೆ ಪ್ರಾಧ್ಯಾಪಕ ಹುದ್ದೆಯೂ ಸಸ್ಯೋದ್ಯಾನದ ನಿರ್ದೇಶಕ ಸ್ಥಾನವೂ ದೊರೆತವು. ಬದುಕು ದಡ ಸೇರಿತು ಎನ್ನುವಷ್ಟರಲ್ಲಿ 1918ರಲ್ಲಿ ಜರ್ಮನ್ ಸೇನೆ ಅಲ್ಲಿಗೂ ಬಂತು. ಮತ್ತೆ ಗಂಟುಮೂಟೆ ಕಟ್ಟಿ, ರಷ್ಯಾದ ವೊರೊನೆಜ್ ನಗರಕ್ಕೆ ಹೋಗಬೇಕಾಯಿತು. ಹೊತ್ತಿಗೆ ಅವರ ಆರೋಗ್ಯ ಪೂರ್ತಿ ಹದಗೆಟ್ಟಿತ್ತು. 1919ರ ಜೂನ್ 26ರಂದು, 47ನೇ ವಯಸ್ಸಿನಲ್ಲಿ, ತ್ಸ್ವೆತ್ ಅವರು ವೊರೊನೆಜ್‌ನಲ್ಲಿ ನಿಧನರಾದರು.

ಅದರ ಹಿಂದಿನ ವರ್ಷ, 1918ರಲ್ಲಿ, ನೆದರ್ಲೆಂಡ್ಸ್‌ನ ವಿಜ್ಞಾನಿಯೊಬ್ಬರು ತ್ಸ್ವೆತ್ ಅವರ ಹೆಸರನ್ನು ರಸಾಯನಶಾಸ್ತ್ರದ ನೊಬೆಲ್‌ಗೆ ಸೂಚಿಸಿದ್ದರು. ಪ್ರಶಸ್ತಿ ಬರಲಿಲ್ಲ. ಅವರು ತೀರಿಕೊಂಡಾಗ ಕ್ರೊಮ್ಯಾಟೋಗ್ರಫಿಯನ್ನು ಬಳಸುತ್ತಿದ್ದವರನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದಾಗಿತ್ತು.

ಹಸುವಿನ ರಕ್ತದಿಂದ ಕೆಂಪು ಮೆಣಸಿನವರೆಗೆ

ಆ ಬೆರಳೆಣಿಕೆಯವರಲ್ಲಿ ಒಬ್ಬರು ಅಮೆರಿಕದ ಮಿಸ್ಸೌರಿಯ ಲೆರಾಯ್ ಪಾಮರ್. ಹಸುವಿನ ಬೆಣ್ಣೆ ಹಳದಿಯಾಗಿರುವುದು ಏಕೆ ಎಂಬುದು ಅವರ ಪ್ರಶ್ನೆ. ಹಸಿರು ಮೇವಿನಲ್ಲಿರುವ ಕ್ಯಾರೊಟೀನ್ ಹಸುವಿನ ರಕ್ತದ ಸೀರಂ ಮೂಲಕ ಸಾಗಿ ಹಾಲಿನ ಕೊಬ್ಬನ್ನು ಸೇರುತ್ತದೆ ಎಂದು ಅವರು ಸಹೋದ್ಯೋಗಿಯೊಂದಿಗೆ 1914ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ತೋರಿಸಿದರು. ಇದಕ್ಕೆ ಅವರು ಬಳಸಿದ್ದು ತ್ಸ್ವೆತ್ ಅವರ ಕೊಳವೆಯನ್ನೇ. ತಿಂದ ಪದಾರ್ಥವನ್ನು ರಕ್ತದಲ್ಲಿ ಹುಡುಕುವ ಕೆಲಸಕ್ಕೆ ಈ ವಿಧಾನ ತ್ಸ್ವೆತ್ ಅವರು ಬದುಕಿದ್ದಾಗಲೇ ಕೈಹಾಕಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ದೊಡ್ಡ ಬದಲಾವಣೆ ಬಂದದ್ದು 1931ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ. ರಿಚರ್ಡ್ ಕೂನ್ ಅವರ ಪ್ರಯೋಗಾಲಯದಲ್ಲಿ ಎಡ್ಗರ್ ಲೆಡರರ್ ಎಂಬ, ಇನ್ನೂ 25 ತುಂಬದ ಸಂಶೋಧಕರಿದ್ದರು. ತ್ಸ್ವೆತ್ ಅವರ ಪುಸ್ತಕದ ಜರ್ಮನ್ ಅನುವಾದದ ಒಂದು ಪ್ರತಿ ಅವರ ಕೈಗೆ ಬಂತು. ಆ ಅನುವಾದ ಮಾಡಿಸಿಟ್ಟಿದ್ದವರು ಬೇರಾರೂ ಅಲ್ಲ, ಹಿಂದೆ ಈ ವಿಧಾನವನ್ನು ಅನುಮಾನಿಸಿದ್ದ ವಿಲ್‌ಶ್ಟೆಟರ್ ಅವರೇ. ಅವರ ಶಿಷ್ಯರಾದ ಕೂನ್ ಮೂಲಕ ಅದು ಲೆಡರರ್ ಅವರಿಗೆ ತಲುಪಿತು. ಅದುವರೆಗೆ ಒಂದೇ ಎಂದು ತಿಳಿದಿದ್ದ ಕ್ಯಾರೊಟೀನ್ ಒಂದಕ್ಕಿಂತ ಹೆಚ್ಚು ಪದಾರ್ಥಗಳ ಮಿಶ್ರಣ ಎಂದು ಪುಡಿಯ ಕೊಳವೆ ಮತ್ತೊಮ್ಮೆ ತೋರಿಸಿಕೊಟ್ಟಿತು. ಆಮೇಲೆ ಯುರೋಪಿನ ಪ್ರಯೋಗಾಲಯಗಳೆಲ್ಲ ಈ ವಿಧಾನವನ್ನು ಕೈಗೆತ್ತಿಕೊಂಡವು. ಪಾಲ್ ಕಾರರ್ 1937ರ, ಕೂನ್ 1938ರ ನೊಬೆಲ್ ಪ್ರಶಸ್ತಿಗೆ ಆಯ್ಕೆಯಾದರು.

ಸಂಬಾರ ಪದಾರ್ಥಗಳ ಅಧ್ಯಯನಕ್ಕೂ ಈ ವಿಧಾನ ಬಂತು. ಹಂಗೇರಿಯ ಲಾಸ್ಲೊ ಜೆಕ್‌ಮೈಸ್ಟರ್ ಮತ್ತು ಸಂಗಡಿಗರು ಕೆಂಪು ಮೆಣಸಿನ ಬಣ್ಣಗಳನ್ನು ಅಧ್ಯಯನ ಮಾಡಿದರು. ಅದರ ಮುಖ್ಯ ಕೆಂಪು ವರ್ಣದ್ರವ್ಯದ ಹೆಸರು ಕ್ಯಾಪ್ಸಾಂಥಿನ್. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆಯಾದರೂ ಸಾರಿಗೆ ಒಳ್ಳೆಯ ಬಣ್ಣ ಬರುವುದು ಈ ಪದಾರ್ಥದಿಂದಲೇ. 1937ರಲ್ಲಿ ಜೆಕ್‌ಮೈಸ್ಟರ್ ಅವರು ತಮ್ಮ ಸಹೋದ್ಯೋಗಿಯೊಂದಿಗೆ ತ್ಸ್ವೆತ್ ವಿಧಾನದ ಮೇಲೆ ಒಂದು ಪಠ್ಯಪುಸ್ತಕವನ್ನೇ ಬರೆದರು. 1953ರಲ್ಲಿ ಕೆ. ಆರ್. ಶ್ರೀನಿವಾಸನ್ ಅವರು ಅರಿಶಿನದ ಹಳದಿಯನ್ನು ಕ್ರೊಮ್ಯಾಟೋಗ್ರಫಿಯಿಂದ ಅಧ್ಯಯನ ಮಾಡಿದರು. ಎಲೆಯ ಹಸಿರಿನಂತೆ, ಅರಿಶಿನದ ಹಳದಿಯೂ ಒಂದಲ್ಲ. ಕರ್ಕ್ಯುಮಿನ್ ಮತ್ತು ಅದರ ಇಬ್ಬರು ಸೋದರರಂಥ ಪದಾರ್ಥಗಳು ಸೇರಿ ಆ ಬಣ್ಣ ಆಗುತ್ತದೆ.

ರಕ್ತದಲ್ಲಿ ಅರಿಶಿನವನ್ನು ಅಳೆಯುವ ಬಗೆ

ಈಗ ನಾವು ಆರಂಭದ ಪ್ರಶ್ನೆಗೆ ಬರೋಣ. ಸ್ವಯಂಸೇವಕರೊಬ್ಬರು ತೂಕ ಮಾಡಿಟ್ಟ ಕರ್ಕ್ಯುಮಿನ್ ನುಂಗುತ್ತಾರೆ. ಗೊತ್ತುಪಡಿಸಿದ ಸಮಯಗಳಲ್ಲಿ ಅವರಿಂದ ಸ್ವಲ್ಪ ಸ್ವಲ್ಪ ರಕ್ತ ತೆಗೆಯುತ್ತಾರೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ರಭಸದಿಂದ ತಿರುಗಿಸಿದಾಗ ರಕ್ತಕಣಗಳು ತಳಕ್ಕೆ ಇಳಿದು ತಿಳಿಯಾದ ದ್ರವ ಮೇಲೆ ನಿಲ್ಲುತ್ತದೆ. ಅದಕ್ಕೆ ದ್ರಾವಕ ಸೇರಿಸಿ ಕರ್ಕ್ಯುಮಿನ್‌ ಅನ್ನು ಹೊರಗೆಳೆಯುತ್ತಾರೆ. ಆ ದ್ರಾವಣದ ಒಂದು ಹನಿಯನ್ನು ಉಕ್ಕಿನ ಸಣ್ಣ ಕೊಳವೆಯೊಳಗೆ ಪಂಪಿನ ಒತ್ತಡದಿಂದ ಹಾಯಿಸುತ್ತಾರೆ. ಗಾಜಿನ ಜಾಗದಲ್ಲಿ ಉಕ್ಕು ಬಂದಿದೆ, ಸುಣ್ಣದ ಬದಲು ವಿಶೇಷವಾಗಿ ತಯಾರಿಸಿದ ಸಿಲಿಕಾ ಪುಡಿ ಬಂದಿದೆ. ತತ್ವ ಮಾತ್ರ ಹಳೆಯದೇ. ಬಿಗಿಯಾಗಿ ಅಂಟುವುದು ತಡವಾಗಿ ಹೊರಬರುತ್ತದೆ, ಸಡಿಲವಾಗಿ ಅಂಟುವುದು ಬೇಗ ಬರುತ್ತದೆ. ಹೊರಬರುವ ಬಾಯಿಯಲ್ಲಿ ಕಣ್ಣಿನ ಬದಲು ಬೆಳಕಿನ ಅಥವಾ ಅಣುಭಾರದ ಪತ್ತೆಯಂತ್ರ ಕಾದಿರುತ್ತದೆ. ಮೊದಲೇ ಪ್ರಮಾಣ ಗೊತ್ತಿರುವ ಶುದ್ಧ ಕರ್ಕ್ಯುಮಿನ್ ಹಾಯಿಸಿ ಗ್ರಾಫ್ ಎಳೆದಿಟ್ಟಿರುತ್ತಾರೆ. ರಕ್ತದಿಂದ ಬಂದ ಅಳತೆಯನ್ನು ಆ ಗ್ರಾಫ್‌ಗೆ ಹೋಲಿಸಿ ಪ್ರಮಾಣ ಹೇಳುತ್ತಾರೆ. ಅಳತೆಯ ಮಾನ ನ್ಯಾನೋಗ್ರಾಂ, ಅಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ.

ಈ ಅಳತೆ ಹೇಳಿದ ಸುದ್ದಿ ಅರಿಶಿನದ ಭಕ್ತರಿಗೆ ಅಷ್ಟು ಹಿತವಾಗಿರಲಿಲ್ಲ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಪ್ರಕಟಿಸಿದ ಅಧ್ಯಯನ ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುತ್ತದೆ. 2 ಗ್ರಾಂ ಕರ್ಕ್ಯುಮಿನ್ ಮಾತ್ರ ತೆಗೆದುಕೊಂಡವರ ಸೀರಂನಲ್ಲಿ ಅದು ಪತ್ತೆಯೇ ಆಗಲಿಲ್ಲ ಅಥವಾ ತೀರಾ ಅಲ್ಪವಾಗಿತ್ತು. ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುವುದೇ ಇದಕ್ಕೆ ಮುಖ್ಯ ಕಾರಣ. ಜೊತೆಗೆ 20 ಮಿಲಿಗ್ರಾಂ ಪೈಪರೀನ್, ಅಂದರೆ ಕರಿಮೆಣಸಿನ ಖಾರದ ಸತ್ವ, ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇಕಡಾ 2000ದಷ್ಟು ಏರಿತು.

ಈ 2000 ಎಂಬ ಅಂಕಿಯನ್ನೇ ಹಿಡಿದು ಈಗ ಮಾತ್ರೆ ಮಾರುವವರಿದ್ದಾರೆ. ಇಲ್ಲಿ ನಾವು ಸ್ವಲ್ಪ ಲೆಕ್ಕ ಮಾಡಬೇಕು. ಸೊನ್ನೆಗೆ ಹತ್ತಿರವಿರುವ ಸಂಖ್ಯೆಯನ್ನು 20 ಪಟ್ಟು ಹೆಚ್ಚಿಸಿದರೂ ಅದು ಸಣ್ಣ ಸಂಖ್ಯೆಯಾಗಿಯೇ ಉಳಿಯಬಹುದು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಭಾಗ. ಹಾಗಾದರೆ 2 ಗ್ರಾಂ ಕರ್ಕ್ಯುಮಿನ್‌ಗೆ 60 ಗ್ರಾಂಗಿಂತ ಹೆಚ್ಚು ಅರಿಶಿನ ಪುಡಿ ಬೇಕು. ಅಷ್ಟನ್ನು ಯಾರೂ ಒಂದು ಊಟದಲ್ಲಿ ತಿನ್ನುವುದಿಲ್ಲ. ರಕ್ತ ಸೇರಿದ ಮಾತ್ರಕ್ಕೆ ರೋಗ ಗುಣವಾಯಿತು ಎಂದೂ ಅರ್ಥವಲ್ಲ. ಅದನ್ನು ಬೇರೆ ಪರೀಕ್ಷೆಗಳೇ ಹೇಳಬೇಕು. ಪೈಪರೀನ್ ದೇಹದಲ್ಲಿ ಕರ್ಕ್ಯುಮಿನ್ ಒಂದನ್ನೇ ಉಳಿಸಿಕೊಡುವುದಿಲ್ಲ, ಕೆಲವು ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಆದ್ದರಿಂದ ಅಡುಗೆಯಲ್ಲಿ ಬಳಸುವುದು ಬೇರೆ, ಬಿಪಿ ಅಥವಾ ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವ ಅಜ್ಜ ಅಜ್ಜಿಗೆ ವೈದ್ಯರನ್ನು ಕೇಳದೆ ಇಂಥ ಮಾತ್ರೆ ತಂದುಕೊಡುವುದು ಬೇರೆ.

ಇನ್ನೂ ಒಂದು ಸೂಕ್ಷ್ಮವಿದೆ. ರಕ್ತದಲ್ಲಿರುವ ಹೆಚ್ಚಿನ ಕರ್ಕ್ಯುಮಿನ್ ಸಕ್ಕರೆಯಂಥ ಅಣುವಿಗೆ ಅಂಟಿಕೊಂಡ ಬದಲಾದ ರೂಪದಲ್ಲಿರುತ್ತದೆ. ಕೆಲವು ಪ್ರಯೋಗಗಳಲ್ಲಿ ಕಿಣ್ವ ಹಾಕಿ ಆ ಅಂಟನ್ನು ಬಿಡಿಸಿ, ಎಲ್ಲವನ್ನೂ ಒಟ್ಟಿಗೆ ಕರ್ಕ್ಯುಮಿನ್ ಎಂದೇ ಎಣಿಸುತ್ತಾರೆ. ಆಗ ಅಂಕಿ ದೊಡ್ಡದಾಗುತ್ತದೆ. ಕಿಣ್ವ ಹಾಕದೆ ಅಳೆದರೆ ಅಂಕಿ ಚಿಕ್ಕದು. ಎರಡೂ ಅಳತೆಗಳು ಸರಿ, ಆದರೆ ಅಳೆದದ್ದು ಯಾವುದನ್ನು ಎಂಬುದನ್ನು ಹೇಳದಿದ್ದರೆ ಓದುಗ ಮೋಸ ಹೋಗುತ್ತಾನೆ. ಕೈಗೆ ಸಿಕ್ಕ ಪದಾರ್ಥ ಮೊದಲೇ ಇದ್ದದ್ದೋ, ಪ್ರಯೋಗದಲ್ಲಿ ಹುಟ್ಟಿದ್ದೋ ಎಂದು ತ್ಸ್ವೆತ್ ಅವರು ಎಲೆಯ ವಿಷಯದಲ್ಲಿ ಕೇಳಿದ್ದ ಪ್ರಶ್ನೆ ನೂರು ವರ್ಷದ ನಂತರವೂ ಹಳತಾಗಿಲ್ಲ.

ನಮಗೇನು ಪಾಠ

ತ್ಸ್ವೆತ್ ಅವರ ಬಳಿ ದುಬಾರಿ ಉಪಕರಣ ಇರಲಿಲ್ಲ. ಅವರ ಕೊಳವೆ, ಪುಡಿ, ದ್ರಾವಕ ಮೂರೂ ಇಂದು ಯಾವುದೇ ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಹೊಂದಿಸಬಹುದಾದವು. ಅವರಿಗಿದ್ದದ್ದು ನೂರು ಪುಡಿಗಳನ್ನು ಪರೀಕ್ಷಿಸುವ ತಾಳ್ಮೆ ಮತ್ತು ದೊಡ್ಡವರು ಒಪ್ಪಲಿಲ್ಲವೆಂದು ಕಣ್ಣಾರೆ ಕಂಡದ್ದನ್ನು ಬಿಟ್ಟುಕೊಡದ ದೃಢತೆ. ಪದವಿಗೆ ಮಾನ್ಯತೆ ಇಲ್ಲ ಎಂದಾಗ ಇನ್ನೊಂದು ಪದವಿ ಪಡೆದರು, ಟೀಕೆ ಬಂದಾಗ ಜಗಳದ ಜೊತೆಗೆ ಪ್ರಯೋಗಗಳ ವಿವರವನ್ನೂ ಬರೆದಿಟ್ಟರು. ಆ ಬರಹ ಉಳಿದದ್ದರಿಂದಲೇ ಅವರು ತೀರಿಕೊಂಡ 12 ವರ್ಷಗಳ ನಂತರ ಒಬ್ಬ ಯುವಕ ಅದನ್ನು ಓದಿ ಪ್ರಯೋಗವನ್ನು ಮತ್ತೆ ಮಾಡಲು ಸಾಧ್ಯವಾಯಿತು. ಪ್ರಯೋಗದ ದಾಖಲೆ ಪುಸ್ತಕವನ್ನು ಗೆಳೆಯರದ್ದನ್ನು ನೋಡಿ ತುಂಬಿಸುವ ಅಭ್ಯಾಸ ಇರುವವರು ಈ ಒಂದು ಮಾತನ್ನು ನೆನಪಿಡುವುದು ಒಳ್ಳೆಯದು.

ಆಸಕ್ತಿ ಇರುವವರು ಒಂದು ಸಣ್ಣ ಪ್ರಯೋಗ ಮಾಡಿನೋಡಬಹುದು. ಬಿಳಿ ಚಾಕ್‌ಪೀಸಿನ ಕೆಳತುದಿಯಿಂದ ಸ್ವಲ್ಪ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತಲೂ ಒಂದು ಗೆರೆ ಎಳೆಯಿರಿ. ಗೆರೆ ಮುಳುಗದಂತೆ ತಟ್ಟೆಯಲ್ಲಿ ಸ್ವಲ್ಪವೇ ನೀರು ಹಾಕಿ ಚಾಕನ್ನು ನೇರವಾಗಿ ನಿಲ್ಲಿಸಿ. ನೀರು ಮೇಲೇರಿದಂತೆ ಕಪ್ಪು ಬಣ್ಣದೊಳಗಿಂದ ಬೇರೆ ಬಣ್ಣಗಳು ಹೊರಬರುವುದನ್ನು ಕಾಣಬಹುದು. ಪಾಲಕ್ ಸೊಪ್ಪಿನ ಬಣ್ಣವನ್ನು ಬೇರ್ಪಡಿಸಬೇಕೆನಿಸಿದರೆ ರಸಾಯನಶಾಸ್ತ್ರ ಉಪನ್ಯಾಸಕರನ್ನು ಕೇಳಿ ಪ್ರಯೋಗಾಲಯದಲ್ಲೇ ಮಾಡಿ, ಏಕೆಂದರೆ ಅದಕ್ಕೆ ಬೇಕಾದ ದ್ರಾವಕಗಳಿಗೆ ಬೆಂಕಿ ಬೇಗ ಹತ್ತುತ್ತದೆ.

ಇನ್ನು ಮುಂದೆ ಯಾವುದಾದರೂ ಸೊಪ್ಪು, ಬೀಜ, ಸಂಬಾರ ಪದಾರ್ಥ ರೋಗ ವಾಸಿಮಾಡುತ್ತದೆ ಎಂಬ ಸಂದೇಶ ಬಂದರೆ ಮುಂದಕ್ಕೆ ಕಳುಹಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಅದರಲ್ಲಿರುವ ಪದಾರ್ಥ ಯಾವುದು? ಅದು ರಕ್ತಕ್ಕೆ ಸೇರಿದ್ದು ಎಷ್ಟು? ಅದನ್ನು ಅಳೆದವರು ಯಾರು, ಹೇಗೆ ಅಳೆದರು? ಈ ಮೂರಕ್ಕೂ ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.